ಊರು ಬಿಟ್ಟರೆ ಕಾಯಿಲೆ ತಪ್ಪುತ್ತದೆಯೇ?

ಓದುಗರೊಬ್ಬರು ಹೀಗೆ ಬರೆದಿದ್ದಾರೆ: ‘ನಗರದಲ್ಲಿ ಬೆಳೆದವರಿಗೆ ಸ್ಕಿಜೋಫ್ರೀನಿಯಾ (ಇಲ್ಲದ ಧ್ವನಿ ಕೇಳಿಸುವ, ಸುಳ್ಳು ನಂಬಿಕೆಗಳು ಮೂಡುವ ಗಂಭೀರ ಮಾನಸಿಕ ಕಾಯಿಲೆ) ಜಾಸ್ತಿ ಅಂತ ಓದಿದೆ. ನನ್ನ ಅಣ್ಣನಿಗೆ ಈ ಕಾಯಿಲೆ ಇದೆ. ಮಗಳಿಗೆ ಈಗ ಆರು ವರ್ಷ. ಅವಳಿಗೋಸ್ಕರ ನಾವು ನಗರ ಬಿಟ್ಟು ಹಳ್ಳಿಗೆ ಹೋಗಬೇಕೇ?’

ಸಂಪಾದಕರ ಉತ್ತರ: ನೀವು ಓದಿದ್ದು ಸುಳ್ಳಲ್ಲ. ಆದರೆ ಅಷ್ಟೇ ಓದಿದರೆ ಯಾರಿಗಾದರೂ ಭಯವಾಗುತ್ತದೆ.

2001ರಲ್ಲಿ ಡೆನ್ಮಾರ್ಕ್‌ನ ಒಂದು ದೊಡ್ಡ ಅಧ್ಯಯನ ಬಂತು. ಮೊದಲ 15 ವರ್ಷ ರಾಜಧಾನಿಯಲ್ಲೇ ಬೆಳೆದವರಿಗೆ, ಹಳ್ಳಿಗಾಡಿನಲ್ಲಿ ಬೆಳೆದವರಿಗಿಂತ ಅಪಾಯ ಸುಮಾರು 2.75 ಪಟ್ಟು ಇತ್ತು. ಕೇಳಲು ದೊಡ್ಡ ಅಂಕಿ. ಆದರೆ ಇಡೀ ಜೀವಮಾನದಲ್ಲಿ ಈ ಕಾಯಿಲೆ ಬರುವುದೇ ನೂರರಲ್ಲಿ ಒಬ್ಬರಿಗೆ, ಅಥವಾ ಅದಕ್ಕೂ ಕಡಿಮೆ ಜನರಿಗೆ. ಸಣ್ಣ ಅಂಕಿಯನ್ನು ಎರಡು ಮೂರು ಪಟ್ಟು ಮಾಡಿದರೂ ಅದು ಸಣ್ಣದೇ, ಅಲ್ವಾ?

ಹಾಗಾದರೆ ತಪ್ಪು ನಗರದ್ದೇ? 1939ರಲ್ಲಿ ಷಿಕಾಗೋದ ನಡುಭಾಗದ ಬಡ ಬಡಾವಣೆಗಳಲ್ಲಿ ಈ ರೋಗಿಗಳು ಹೆಚ್ಚಿರುವುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞರಾದ ಫ್ಯಾರಿಸ್ ಮತ್ತು ಡನ್‌ಹಮ್ ತೋರಿಸಿದರು. ಕಾಯಿಲೆ ಬಂದ ಮೇಲೆ ಕೆಲಸ ಕಳೆದುಕೊಂಡು, ಬಾಡಿಗೆ ಕಡಿಮೆ ಇರುವ ಕಡೆಗೆ ಬಂದವರಿರಬಹುದು ಎಂಬ ತಕರಾರು ಎದ್ದಿತು. ಅದರಲ್ಲಿ ನಿಜವಿದೆ. ಆದರೆ ಡೆನ್ಮಾರ್ಕ್‌ನವರು ಲೆಕ್ಕ ಹಾಕಿದ್ದು ಬಾಲ್ಯವನ್ನು, ಕಾಯಿಲೆಗೆ ಎಷ್ಟೋ ಮೊದಲಿನ ವರ್ಷಗಳನ್ನು. ಹಾಗಾಗಿ ಈ ತಕರಾರು ಅಲ್ಲಿಗೆ ಸಾಲದು.

ಇನ್ನೊಂದು ತಿರುವೂ ಇದೆ. ಬಡ ಮತ್ತು ಮಧ್ಯಮ ಆದಾಯದ 42 ದೇಶಗಳ ಮಾಹಿತಿ ನೋಡಿದ 2018ರ ವಿಶ್ಲೇಷಣೆಯಲ್ಲಿ, ನಗರವಾಸಕ್ಕೂ ಸೈಕೋಸಿಸ್‌ಗೂ (ವಾಸ್ತವದ ಅರಿವು ತಪ್ಪುವ ಸ್ಥಿತಿ; ಸ್ಕಿಜೋಫ್ರೀನಿಯಾದಲ್ಲಿ ಕಾಣುವುದೂ ಇದೇ) ಇಂಥ ನಂಟು ಸಿಗಲೇ ಇಲ್ಲ. ಕಾಂಕ್ರೀಟೋ ಗದ್ದಲವೋ ಕಾರಣವಾಗಿದ್ದರೆ ಅಲ್ಲೂ ಸಿಗಬೇಕಿತ್ತು.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ವಲಸೆ ಹೋದವರ ಕಥೆ. ನಾರ್ವೆಯಿಂದ ಅಮೆರಿಕದ ಮಿನೆಸೋಟಕ್ಕೆ ಹೋದವರಲ್ಲಿ, ನಾರ್ವೆಯಲ್ಲೇ ಉಳಿದವರಿಗಿಂತ ಈ ಕಾಯಿಲೆ ಜಾಸ್ತಿ ಎಂದು ನಾರ್ವೆಯ ಮನೋವೈದ್ಯ ಊಡೆಗಾರ್ಡ್ 1932ರಲ್ಲೇ ಬರೆದರು. ದಕ್ಷಿಣ ಲಂಡನ್ನಿನ ಅಧ್ಯಯನವೊಂದು ಇನ್ನೂ ಸೂಕ್ಷ್ಮವಾದ ವಿಷಯ ಹೇಳಿತು: ಅಲ್ಪಸಂಖ್ಯಾತ ಸಮುದಾಯದವರಿಗೆ, ತಮ್ಮವರು ಕಡಿಮೆ ಇರುವ ಬಡಾವಣೆಯಲ್ಲೇ ಅಪಾಯ ಹೆಚ್ಚು. ಒಂಟಿತನ, ತಾರತಮ್ಯ, ‘ನೀನು ಹೊರಗಿನವನು’ ಎಂಬ ನೋಟ, ಇವೆಲ್ಲ ಕೆಲಸ ಮಾಡುತ್ತಿರಬೇಕು. ಪರಿಚಯವೇ ಇಲ್ಲದ ಹಳ್ಳಿಗೆ ಮಗಳನ್ನು ಕರೆದೊಯ್ದರೆ ನೀವು ಗಳಿಸುವುದೇನು?

ಅಣ್ಣನ ವಿಷಯ. ಹೆತ್ತವರಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಹತ್ತು. ಹೆತ್ತವರ ಅಣ್ಣನಿಗಿದ್ದರೆ ಅದಕ್ಕಿಂತ ಬಹಳ ಕಡಿಮೆ. ಒಂದೇ ಜೀನ್‌ಗಳಿರುವ ಅವಳಿಗಳಲ್ಲೂ, ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಅರ್ಧಕ್ಕಿಂತ ಹೆಚ್ಚೇನಲ್ಲ.

ಮಗಳು ಹದಿಹರೆಯಕ್ಕೆ ಬಂದಾಗ ಗಾಂಜಾದಿಂದ ದೂರ ಇರುವಂತೆ ನೋಡಿಕೊಳ್ಳಿ. ಮನೆತನದಲ್ಲಿ ಈ ಕಾಯಿಲೆ ಇರುವವರಿಗೆ ಅದು ಸುಮ್ನೆ ಮೋಜಲ್ಲ, ಕಾಯಿಲೆಯ ಅಪಾಯ ಹೆಚ್ಚಿಸುವಂಥದ್ದು. ಯಾರೊಂದಿಗೂ ಬೆರೆಯದಿರುವುದು, ಇಲ್ಲದ ಧ್ವನಿ ಕೇಳಿಸುವುದು, ಕಾರಣವಿಲ್ಲದ ಅನುಮಾನ ಕಂಡರೆ ತಡಮಾಡದೆ ಮನೋವೈದ್ಯರನ್ನು ಕಾಣಿ.