ಸಿ ಡ್ರೈವ್ ಖಾಲಿ ಮಾಡಿದಷ್ಟೂ ತುಂಬುತ್ತಿದೆ!

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ 256 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 10 ಇದೆ. ಫೋಟೊ, ವಿಡಿಯೊಗಳನ್ನೆಲ್ಲ ಬೇರೆ ಹಾರ್ಡ್‌ಡಿಸ್ಕ್‌ಗೆ ಸಾಗಿಸಿ ಜಾಗ ಮಾಡಿಕೊಂಡರೂ ಕೆಲವೇ ದಿನಗಳಲ್ಲಿ ಸಿ ಡ್ರೈವ್‌ನ ಪಟ್ಟಿ ಕೆಂಪಗಾಗುತ್ತದೆ. ವಿಂಡೋಸ್ ಫೋಲ್ಡರ್‌ನೊಳಗಿನ ಟೆಂಪ್‌ನಲ್ಲಿ 'ಕ್ಯಾಬ್' ಎಂದು ಶುರುವಾಗುವ ನೂರಾರು ಫೈಲ್‌ಗಳಿವೆ. ಅಳಿಸಿದರೆ ಮತ್ತೆ ಬರುತ್ತವೆ. ಉಳಿದ ಫೋಲ್ಡರ್‌ಗಳ ಗಾತ್ರ ಕೂಡಿಸಿದರೂ ಲೆಕ್ಕ ಹೊಂದುತ್ತಿಲ್ಲ. ವೈರಸ್ ಇರಬಹುದೇ?

ಉತ್ತರ: ಸಮಾಧಾನಕ್ಕೆ ಒಮ್ಮೆ ಸ್ಕ್ಯಾನ್ ಮಾಡಿ. ಆದರೆ ಆ ಕ್ಯಾಬ್ ಫೈಲ್‌ಗಳನ್ನು ಹುಟ್ಟಿಸುತ್ತಿರುವುದು ಹೆಚ್ಚಾಗಿ ವಿಂಡೋಸೇ. ಅಪ್‌ಡೇಟ್‌ಗಳ ದಾಖಲೆಯನ್ನು ಅದು ಸಿಬಿಎಸ್ ಎಂಬ ಲಾಗ್ ಫೈಲ್‌ನಲ್ಲಿ ಬರೆದಿಡುತ್ತದೆ. ಲಾಗ್ ದೊಡ್ಡದಾದಾಗ ಅದನ್ನು ಎತ್ತಿಟ್ಟು ಕ್ಯಾಬ್ ರೂಪಕ್ಕೆ ಕುಗ್ಗಿಸಬೇಕು. ಗಾತ್ರ 2 ಜಿಬಿ ದಾಟಿದ್ದರೆ ಕುಗ್ಗಿಸುವ ಪ್ರೋಗ್ರಾಂಗೆ ಅದು ಆಗದ ಕೆಲಸ. ಅರ್ಧ ಮಾಡಿದ ಫೈಲ್ ಟೆಂಪ್‌ನಲ್ಲೇ ಉಳಿಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಪ್ರಯತ್ನ, ಮತ್ತೊಂದು ತುಂಡು. ಟೆಂಪ್ ಮಾತ್ರ ಗುಡಿಸಿದರೆ ಪ್ರಯೋಜನವಿಲ್ಲ, ಮೂಲದ ಲಾಗ್ ಹೋಗಬೇಕು.

ಸರ್ವಿಸಸ್ ತೆರೆದು 'ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್' ಅನ್ನು ಸ್ಟಾಪ್ ಮಾಡಿ. ಹೀಗೆ ಮಾಡದಿದ್ದರೆ 'ಫೈಲ್ ಬಳಕೆಯಲ್ಲಿದೆ' ಎಂದು ಅಳಿಸಲು ಬಿಡುವುದಿಲ್ಲ. ಅಪ್‌ಡೇಟ್ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಿರಿ. ಆಮೇಲೆ ವಿಂಡೋಸ್ ಫೋಲ್ಡರ್, ಲಾಗ್ಸ್, ಸಿಬಿಎಸ್ ಎಂದು ಒಳಹೊಕ್ಕು ಅಲ್ಲಿರುವ ದೊಡ್ಡ ಲಾಗ್‌ಗಳನ್ನು ಅಳಿಸಿ. ಅವು ಬರೀ ದಾಖಲೆಗಳು, ವಿಂಡೋಸ್‌ಗೆ ತೊಂದರೆಯಾಗದು. ಈಗ ಟೆಂಪ್‌ನ ಕ್ಯಾಬ್ ಫೈಲ್‌ಗಳನ್ನೂ ತೆಗೆದು, ರೀಸೈಕಲ್ ಬಿನ್ ಖಾಲಿ ಮಾಡಿ ರೀಸ್ಟಾರ್ಟ್ ಮಾಡಿ. ಲಾಗ್ ಅಷ್ಟು ಬೆಳೆಯಲು ಯಾವುದೋ ಅಪ್‌ಡೇಟ್ ಪದೇ ಪದೇ ವಿಫಲವಾಗುತ್ತಿರುವುದು ಕಾರಣವಿರಬಹುದು. ಅಪ್‌ಡೇಟ್ ಹಿಸ್ಟರಿಯಲ್ಲಿ 'ಫೇಲ್ಡ್' ಎಂದಿರುವುದನ್ನು ತಪ್ಪದೆ ನೋಡಿ.

ಇನ್ನು ಲೆಕ್ಕದ ಮಾತು. 256 ಜಿಬಿ ಡ್ರೈವ್ ವಿಂಡೋಸ್‌ನಲ್ಲಿ ಸುಮಾರು 238 ಎಂದೇ ಕಾಣುವುದು. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಮಿಕ್ಕ ವ್ಯತ್ಯಾಸ ಸಾಮಾನ್ಯವಾಗಿ ಸಿಸ್ಟಮ್ ರಿಸ್ಟೋರ್‌ನದು, ಅಂದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸಲು ಪ್ರತಿಗಳನ್ನು ಉಳಿಸಿಡುವ ಸೌಲಭ್ಯದ್ದು. ಅದರ ಪ್ರತಿಗಳಿರುವ ಫೋಲ್ಡರ್ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸಿಸ್ಟಮ್ ಪ್ರೊಟೆಕ್ಷನ್‌ನಲ್ಲಿ 'ಕಾನ್ಫಿಗರ್' ಒತ್ತಿ ಮಿತಿಯನ್ನು ಶೇ 5ಕ್ಕೆ ಇಳಿಸಿ, ಸುಮಾರು 12 ಜಿಬಿ ಆಗುತ್ತದೆ. ಪೂರ್ತಿ ಆಫ್ ಮಾಡಬೇಡಿ, ಅಪ್‌ಡೇಟ್ ಕೈಕೊಟ್ಟ ದಿನ ಅದೇ ಆಸರೆ.

ಇಷ್ಟಾದರೂ ತುಂಬುತ್ತಿದ್ದರೆ ಫೋಲ್ಡರ್‌ಗಳ ಗಾತ್ರ ತೋರಿಸುವ ವಿಜ್‌ಟ್ರೀ ಎಂಬ ಪ್ರೋಗ್ರಾಂ ಅನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಮೂಲಕ ತೆರೆಯಿರಿ, ಇಲ್ಲವಾದರೆ ಆ ಮರೆಯ ಫೋಲ್ಡರ್‌ಗಳ ಗಾತ್ರ ಸಿಗುವುದಿಲ್ಲ. ಮೊದಲ ಹತ್ತು ಫೋಲ್ಡರ್‌ಗಳ ಗಾತ್ರ ಬರೆದಿಟ್ಟು ಎರಡು ದಿನ ಬಿಟ್ಟು ಮತ್ತೆ ನೋಡಿ. ನಮಗೆ ಬೇಕಿರುವುದು ಬೆಳೆದದ್ದು, ದೊಡ್ಡದಿರುವುದಲ್ಲ. ಹೈಬರ್‌ನೇಷನ್ ಫೈಲ್ (ಕಂಪ್ಯೂಟರ್ ಆಫ್ ಆಗುವಾಗ ರ್‍ಯಾಮ್‌ನಲ್ಲಿರುವುದನ್ನು ಬರೆದಿಡುವ ಫೈಲ್) 16 ಜಿಬಿ ರ್‍ಯಾಮ್ ಇದ್ದರೆ 6 ಜಿಬಿಗೂ ಹೆಚ್ಚು ಇರುತ್ತದೆ, ಆದರೆ ದಿನದಿನಕ್ಕೆ ಬೆಳೆಯುವುದಿಲ್ಲ. ವಿಂಡೋಸ್‌ನ ಘಟಕಗಳನ್ನು ಇಟ್ಟಿರುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ನೋಡಿ ಗಾಬರಿಯಾಗಬೇಡಿ: ಅದರ ಬಹಳಷ್ಟು ಫೈಲ್‌ಗಳು ಬೇರೆ ಕಡೆಯೂ ಅದೇ ಫೈಲ್ ಆಗಿ ತೋರುವುದರಿಂದ ಎರಡು ಸಲ ಎಣಿಕೆಯಾಗುತ್ತವೆ. ಅದನ್ನು ಕೈಯಿಂದ ಮಾತ್ರ ಅಳಿಸಲೇಬೇಡಿ, ವಿಂಡೋಸ್ ಏಳದೇ ಹೋದೀತು. ಡಿಸ್ಕ್ ಕ್ಲೀನಪ್‌ನ 'ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್' ಅದಕ್ಕೆಂದೇ ಇದೆ.

ಪ್ರಶ್ನೆ: ಒನ್‌ಡ್ರೈವ್‌ನಲ್ಲಿರುವ ಫೈಲ್‌ಗಳೂ ಸಿ ಡ್ರೈವ್ ತುಂಬುತ್ತಿವೆ. ಲ್ಯಾಪ್‌ಟಾಪ್‌ನಿಂದ ಡಿಲೀಟ್ ಮಾಡಬಹುದೇ?

ಉತ್ತರ: ಬೇಡ, ಕ್ಲೌಡ್‌ನಿಂದಲೂ (ಒನ್‌ಡ್ರೈವ್‌ನ ಆನ್‌ಲೈನ್ ಸಂಗ್ರಹ) ಹೋಗುತ್ತವೆ. ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ 'ಫ್ರೀ ಅಪ್ ಸ್ಪೇಸ್' ಆರಿಸಿ. ಫೈಲ್ ಹೆಸರಿನ ಪಕ್ಕ ಮೋಡದ ಚಿಹ್ನೆ ಬಂದರೆ ಅದು ಕ್ಲೌಡ್‌ನಲ್ಲಷ್ಟೇ ಇದೆ. ಪ್ರಾಪರ್ಟೀಸ್‌ನಲ್ಲಿ 'ಸೈಜ್ ಆನ್ ಡಿಸ್ಕ್' ಸೊನ್ನೆ ತೋರಿಸುತ್ತದೆ. ಇಂಟರ್‌ನೆಟ್ ಇಲ್ಲದಾಗ ಬೇಕಾಗುವ ಫೈಲ್‌ಗಳಿಗೆ ಮಾತ್ರ 'ಆಲ್‌ವೇಸ್ ಕೀಪ್ ಆನ್ ದಿಸ್ ಡಿವೈಸ್' ಎಂದು ಕೊಟ್ಟಿರಿ.