ಓದುಗರ ಪ್ರಶ್ನೆ: ಮಕ್ಕಳ ಐಸಿಯು ಬಿಲ್ಲು ಏರುವುದು ಎಲ್ಲಿ?

ಪ್ರಶ್ನೆ: ತಂಗಿಯ ಮಗಳಿಗೆ ಮೂರು ವರ್ಷ, ತೂಕ 12 ಕೆಜಿ. ಜ್ವರದಿಂದ ರಕ್ತಕ್ಕೆ ನಂಜೇರಿದೆ ಎಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಒಂಬತ್ತು ದಿನ ಇಟ್ಟಿದ್ದರು. ಮಗು ಹುಷಾರಾಯಿತು, ತೋಟದ ಮೇಲೆ ಸಾಲವಾಯಿತು. ಅಷ್ಟು ಹಣ ಯಾವುದಕ್ಕೆ ಹೋಗುತ್ತದೆ? – ಸಕಲೇಶಪುರದ ಓದುಗರು

ಉತ್ತರ: ರಕ್ತಕ್ಕೆ ನಂಜೇರುವ ಈ ಸ್ಥಿತಿಗೆ ಸೆಪ್ಸಿಸ್ ಎನ್ನುತ್ತಾರೆ. ಸೆಪ್ಸಿಸ್‌ನಲ್ಲಿ ಮೊದಲ ಗಂಟೆಗೆ ಬೇಕಾದದ್ದು ದುಬಾರಿಯಲ್ಲ. ರಿಂಗರ್ ಲ್ಯಾಕ್ಟೇಟ್ ಅಥವಾ ಸಲೈನ್ ಡ್ರಿಪ್ ಕೆಜಿಗೆ 10ರಿಂದ 20 ಮಿಲಿ, ಅಂದರೆ ಈ ಮಗುವಿಗೆ ಒಂದು ಸಲಕ್ಕೆ 120ರಿಂದ 240 ಮಿಲಿ. ಒಂದು ಗ್ರಾಂನ ಸೆಫ್‌ಟ್ರಯಾಕ್ಸೋನ್ (ಆಂಟಿಬಯಾಟಿಕ್) ವಯಲ್, ಅಂದರೆ ಚುಚ್ಚುಮದ್ದಿನ ಸೀಸೆ, ಒಂದು. ರಕ್ತದೊತ್ತಡ ಏಳದಿದ್ದರೆ ಅದನ್ನು ಏರಿಸುವ ಅಡ್ರಿನಲಿನ್. ಸಕ್ಕರೆ ಅಂಶ ಇಳಿದಿದ್ದರೆ ಗ್ಲೂಕೋಸ್. ಶಾಕ್ (ಅಂಗಾಂಗಗಳಿಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿ) ಇದ್ದರೆ ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ಹೋಗಬೇಕು. ಡ್ರಿಪ್ ಕೊಡುವಾಗ ಪ್ರತಿ ಸಲವೂ ಯಕೃತ್ತು ಊದಿದೆಯೇ, ಉಸಿರಾಟದಲ್ಲಿ ಸದ್ದು ಬಂದಿದೆಯೇ ಎಂದು ನೋಡಬೇಕು. ನೋಡದೆ ಸುರಿದರೆ ಶ್ವಾಸಕೋಶಕ್ಕೆ ನೀರು ತುಂಬಿ ವೆಂಟಿಲೇಟರ್ ಬೇಕಾಗುತ್ತದೆ, ಬಿಲ್ಲಿನ ಲೆಕ್ಕವೇ ಬೇರೆಯಾಗುತ್ತದೆ.

ಬಿಲ್ಲು ಬೆಳೆಯುವುದು ದಿನಗಳಿಂದ. ಹಾಸಿಗೆ, ವೆಂಟಿಲೇಟರ್, ಔಷಧಿಯನ್ನು ಅಳತೆಯಲ್ಲಿ ಹರಿಸುವ ಸಿರಿಂಜ್ ಪಂಪ್, ನರ್ಸಿಂಗ್, ವೈದ್ಯರ ಭೇಟಿ ಎಲ್ಲಕ್ಕೂ ದಿನದ ದರ. ಅದರ ಮೇಲೆ ರಕ್ತಪರೀಕ್ಷೆ, ಟ್ಯೂಬು, ಕೈಗವಸು. ತಡವಾಗಿ ಬಂದ ಮಗುವಿನ ಮೂತ್ರಪಿಂಡ ಸೋತಿದ್ದರೆ ಡಯಾಲಿಸಿಸ್ ಕೂಡ ಸೇರುತ್ತದೆ.

ಆಂಟಿಬಯಾಟಿಕ್ ವಿಷಯದಲ್ಲಿ ಬಾಯಿಬಿಟ್ಟು ಕೇಳಿ. ಮೆರೋಪೆನೆಮ್ ಸಾಮಾನ್ಯವಾಗಿ ಕೆಜಿಗೆ 20 ಮಿಗ್ರಾಂ, ಎಂಟು ಗಂಟೆಗೊಮ್ಮೆ: ಈ ಮಗುವಿಗೆ ಒಂದು ಡೋಸ್ 240 ಮಿಗ್ರಾಂ. ಪ್ರತಿ ಡೋಸಿಗೂ ಒಂದು ಗ್ರಾಂನ ವಯಲ್ ಒಡೆದರೆ ಮುಕ್ಕಾಲು ಪಾಲು ಕಸದ ಬುಟ್ಟಿಗೆ, ಹಣ ಮಾತ್ರ ಪೂರ್ತಿ ನಿಮ್ಮದು. 250 ಮಿಗ್ರಾಂ ವಯಲ್ ಸಿಗುತ್ತದೆ, ಅದನ್ನೇ ಕೇಳಿ. ಒಂದೇ ಔಷಧಿಯ ಬ್ರ್ಯಾಂಡುಗಳ ನಡುವೆ ಬೆಲೆಯ ಅಂತರವೂ ದೊಡ್ಡದು.

ಆಂಟಿಬಯಾಟಿಕ್ ಶುರುಮಾಡುವ ಮೊದಲೇ, ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸುವ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದರೇ ಎಂದೂ ಕೇಳಿ. ಅದಕ್ಕಾಗಿ ಔಷಧಿ ತಡವಾಗಬಾರದು. ರೋಗಾಣು ಬೆಳೆಯುವುದಿದ್ದರೆ ಬಹುತೇಕ 48 ಗಂಟೆಯೊಳಗೆ ಗೊತ್ತಾಗುತ್ತದೆ, ಆಗ ಹೆಚ್ಚಿನ ಸಲ ಅಗ್ಗದ ಔಷಧಿಗೆ ಇಳಿಯಬಹುದು. ಕಲ್ಚರ್ ಮಾಡಿಸದೆ ಉಳಿಸಿದ ಹಣ, ಕೊನೆಯವರೆಗೂ ದುಬಾರಿ ಔಷಧಿ ಓಡಿಸಿ ಕಳೆದುಹೋಗುತ್ತದೆ. ಇಮ್ಯುನೋಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಚುಚ್ಚುಮದ್ದು) ಬರೆದರೆ ಕಾರಣ ಕೇಳಲು ಸಂಕೋಚ ಬೇಡ. ಎಲ್ಲ ಸೆಪ್ಸಿಸ್‌ಗೂ ಅದನ್ನು ಕೊಡಬೇಕಿಲ್ಲ ಎಂದೇ 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ರೋಗಾಣುವಿನ ವಿಷದಿಂದಾಗುವ ಟಾಕ್ಸಿಕ್ ಶಾಕ್‌ನಂಥ ಕೆಲವು ಸಂದರ್ಭ ಬೇರೆ.

ಮತ್ತೆ, ಬಿಲ್ಲಿನ ವಿವರ ಬಿಡುಗಡೆಯ ದಿನ ಕೇಳಿದರೆ ಏನೂ ಗಿಟ್ಟುವುದಿಲ್ಲ. ದಿನಾ ಸಂಜೆ ಕೇಳಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಬಿಪಿಎಲ್ ಕಾರ್ಡು ಇದ್ದರೂ ಅಡ್ವಾನ್ಸ್ ಕಟ್ಟಿ ಎಂದರು. ಇದು ಸರಿಯೇ? – ತರೀಕೆರೆಯ ಓದುಗರು

ಉತ್ತರ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ಮೊತ್ತ) ಶೇಕಡಾ 30, ವರ್ಷಕ್ಕೆ 1.5 ಲಕ್ಷ ಮಿತಿ. ಎಡವುವುದು ಎರಡು ಕಡೆ. ಆ ಆಸ್ಪತ್ರೆ ಯೋಜನೆಯಲ್ಲಿ ನೋಂದಾಯಿಸಿರಬೇಕು. ಖಾಸಗಿಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಚೀಟಿ ಬೇಡ, ಹಾಗಾಗಿ ಮಗುವಿನ ಸ್ಥಿತಿ ಯೋಜನೆಯ ಯಾವ ಚಿಕಿತ್ಸಾ ಕೋಡಿನಡಿ ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗಿರುವ ಆರೋಗ್ಯಮಿತ್ರರನ್ನು ಕೇಳಿ. ರೇಷನ್ ಕಾರ್ಡು, ಆಧಾರ್ ದಾಖಲಾಗುವಾಗಲೇ ತೋರಿಸಿ. ಇದು ನಗದುರಹಿತ ಯೋಜನೆ, ಕೈಯಿಂದ ಕಟ್ಟಿದ್ದನ್ನು ಆಮೇಲೆ ಪಡೆಯುವ ಭರವಸೆ ಇಟ್ಟುಕೊಳ್ಳಬೇಡಿ. ಮಗುವಿನ ಹೆಸರು ರೇಷನ್ ಕಾರ್ಡಿಗೆ ಸೇರಿದೆಯೇ ಎಂದು ಈಗಲೇ ನೋಡಿ.

ಅಡ್ವಾನ್ಸ್ ಬಗ್ಗೆ: ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ ಎಂದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿದೆ. ದೂರಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಮಾಹಿತಿಗೆ ಆರೋಗ್ಯ ಸಹಾಯವಾಣಿ 104.

ಪ್ರಶ್ನೆ: ಹತ್ತಿರ ಮಕ್ಕಳ ಐಸಿಯು ಇಲ್ಲದಿದ್ದರೆ ನೇರವಾಗಿ ಮಂಗಳೂರಿಗೆ ಹೋಗುವುದೇ? – ಮೂಡಿಗೆರೆಯ ಓದುಗರು

ಉತ್ತರ: ಬೇಡ. ಕೈಕಾಲು ತಣ್ಣಗಾಗಿರುವ, ಎಂಟು ಗಂಟೆಯಿಂದ ಮೂತ್ರ ಮಾಡದ, ಎಬ್ಬಿಸಿದರೂ ಮಂಪರಿನಲ್ಲೇ ಇರುವ ಮಗುವನ್ನು ಬಾಡಿಗೆ ಕಾರಿನಲ್ಲಿ ಚಾರ್ಮಾಡಿ ಘಾಟಿ ಇಳಿಸುವುದು ಅಪಾಯ. ಮೊದಲು ತಾಲ್ಲೂಕು ಆಸ್ಪತ್ರೆ. ಅಲ್ಲಿ ರಕ್ತನಾಳಕ್ಕೆ ಲೈನ್ ಹಾಕಿ, ಆಂಟಿಬಯಾಟಿಕ್‌ನ ಮೊದಲ ಡೋಸ್ ಕೊಟ್ಟು, ಸಕ್ಕರೆ ನೋಡಿ, ಆಮ್ಲಜನಕ ಹಚ್ಚಲಿ. ವೈದ್ಯರೇ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ಗೋ ಫೋನು ಮಾಡಿ ಮಕ್ಕಳ ಹಾಸಿಗೆ, ವೆಂಟಿಲೇಟರ್ ಎರಡೂ ಖಾಲಿ ಇವೆಯೇ ಎಂದು ಖಚಿತಪಡಿಸಿಕೊಂಡ ಮೇಲೆ 108ರಲ್ಲಿ ಹೊರಡಿ. ಕೊಟ್ಟ ಔಷಧಿ, ಪ್ರಮಾಣ, ಸಮಯ ರೆಫರಲ್ ಚೀಟಿಯಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ಅಲ್ಲಿ ಎಲ್ಲ ಪರೀಕ್ಷೆಗಳೂ ಮತ್ತೊಮ್ಮೆ.