ಹಸಿರು ಕಾಡು ಕೆಂಪಾಗಿ ಕಾಣೋದು ಯಾಕೆ?

ಪ್ರಶ್ನೆ: ಉಪಗ್ರಹದ ಕೆಲವು ಚಿತ್ರಗಳಲ್ಲಿ ಕಾಡು, ಹೊಲ ಎಲ್ಲ ಕೆಂಪಗಿರುತ್ತವೆ. ಬಣ್ಣ ಬದಲಾಯಿಸಿದ ಚಿತ್ರವನ್ನು ನಂಬುವುದು ಹೇಗೆ? ಮತ್ತೆ, ಮೋಡ ಮುಚ್ಚಿದಾಗ ಉಪಗ್ರಹಕ್ಕೆ ಏನಾದರೂ ಕಾಣುತ್ತದಾ?

ಉತ್ತರ: ಧಾರಾಳವಾಗಿ ನಂಬಿ. ಆ ಕೆಂಪು ಸುಮ್ನೆ ಬಳಿದದ್ದಲ್ಲ. ಅದರ ಹಿಂದೆ ನಿಜವಾದ ಬೆಳಕಿದೆ, ನಮ್ಮ ಕಣ್ಣಿಗೆ ಕಾಣದ್ದು ಅಷ್ಟೇ.

ಟಿವಿ ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿ ನೋಡಿ. ಬರಿಗಣ್ಣಿಗೆ ಏನೂ ಇಲ್ಲ, ಸ್ಕ್ರೀನಿನಲ್ಲಿ ಮಾತ್ರ ಒಂದು ಪುಟ್ಟ ಚುಕ್ಕೆ ಮಿನುಗುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾ ಹಾಕಿ. ಅದೇ ಇನ್‌ಫ್ರಾರೆಡ್. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಿಸಿಲನ್ನು ಬಣ್ಣಬಣ್ಣವಾಗಿ ಒಡೆದು, ಕೆಂಪಿನಾಚೆ ಕತ್ತಲಿದ್ದ ಜಾಗದಲ್ಲಿ ಥರ್ಮಾಮೀಟರ್ ಇಟ್ಟಾಗ ಅಲ್ಲೇ ಬಿಸಿ ಜಾಸ್ತಿ ಇತ್ತು. ಈ ಬೆಳಕು ಗೊತ್ತಾದದ್ದು ಹಾಗೆ.

ಈಗ ಎಲೆಗೆ ಬನ್ನಿ. ಎಲೆಯ ಕ್ಲೋರೋಫಿಲ್ ನೀಲಿ ಮತ್ತು ಕೆಂಪು ಬೆಳಕನ್ನು ನುಂಗಿಕೊಂಡು ಹಸಿರನ್ನು ಒಂದಿಷ್ಟು ವಾಪಸ್ ಕಳಿಸುತ್ತದೆ. ಇನ್‌ಫ್ರಾರೆಡ್ಡಿನಲ್ಲಿ ಕೆಂಪಿಗೆ ಒತ್ತಿಕೊಂಡಿರುವ ಭಾಗ ಮಾತ್ರ ಅದಕ್ಕೆ ಬೇಡ. ಎಲೆಯೊಳಗಿನ ಜೀವಕೋಶಗಳೂ ಅವುಗಳ ಸಂದಿಯ ಗಾಳಿಯೂ ಸೇರಿ ಅದನ್ನು ಅತ್ತಿತ್ತ ಚದುರಿಸಿ, ಹೆಚ್ಚುಕಡಿಮೆ ಅರ್ಧದಷ್ಟನ್ನು ಹೊರಕ್ಕೆ ತಳ್ಳುತ್ತವೆ. ಅಂದರೆ ಈ ಬೆಳಕಿನಲ್ಲಿ ನೋಡಿದರೆ ಎಲೆ ಹಸಿರಿಗಿಂತ ಎಷ್ಟೋ ಪಟ್ಟು ಹೊಳೆಯುತ್ತದೆ! 705 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಲ್ಯಾಂಡ್‌ಸ್ಯಾಟ್ ಉಪಗ್ರಹ ಅಳೆಯುವುದು ಇದನ್ನೇ. ಕಾಣದ ಬೆಳಕನ್ನು ತೋರಿಸಬೇಕಾದರೆ ಕಾಣುವ ಯಾವುದಾದರೂ ಬಣ್ಣ ಕೊಡಲೇಬೇಕಲ್ವಾ? ರೂಢಿಯಲ್ಲಿ ಅದಕ್ಕೆ ಕೆಂಪು ಕೊಡುತ್ತಾರೆ. ನೀರು ಈ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ಕುಡಿದುಬಿಡುತ್ತದೆ, ಅದಕ್ಕೇ ಕಪ್ಪು.

ನನಗೆ ಬೆರಗು ಹುಟ್ಟಿಸುವುದು ಇನ್ನೊಂದು. ಗಿಡ ಸೊರಗತೊಡಗಿದರೆ ಎಲೆಯ ಒಳರಚನೆ ಕುಸಿದು ಇನ್‌ಫ್ರಾರೆಡ್ ವಾಪಸಾತಿ ಇಳಿಯುತ್ತದೆ, ಕ್ಲೋರೋಫಿಲ್ ಕಡಿಮೆಯಾಗಿ ಕೆಂಪು ಬೆಳಕಿನದ್ದು ಏರುತ್ತದೆ. ಈ ಎರಡನ್ನು ಹೋಲಿಸಿದರೆ ಬೆಳೆ ಎಲ್ಲಿ ಸೋಲುತ್ತಿದೆ ಅಂತ ಗೊತ್ತಾಗುತ್ತದೆ, ಕೆಲವೊಮ್ಮೆ ಎಲೆ ಹಳದಿಯಾಗುವ ಮೊದಲೇ.

ಇನ್ನು ಮೋಡ. ಕಾಣುವ ಬೆಳಕೂ ಇನ್‌ಫ್ರಾರೆಡ್ಡೂ ಅಲ್ಲಿ ಸೋಲುತ್ತವೆ. ಆಗ ಬೇಕಾಗುವುದು ರೇಡಾರ್. ಅದು ಬಿಸಿಲಿಗೆ ಕಾಯುವುದಿಲ್ಲ, ಕೆಲವೇ ಸೆಂಟಿಮೀಟರ್ ಉದ್ದದ ಮೈಕ್ರೋವೇವ್ ಅಲೆಗಳನ್ನು ತಾನೇ ಓರೆಯಾಗಿ ಕೆಳಗೆ ಬಿಟ್ಟು ಮರಳಿ ಬಂದದ್ದನ್ನು ಹಿಡಿಯುತ್ತದೆ. ಮೋಡದ ಹನಿಗಳು ಆ ಅಲೆಗಳ ಮುಂದೆ ತೀರಾ ಸಣ್ಣವು, ಹಾಗಾಗಿ ತಡೆಯಲಾರವು. ನಿಂತ ನೀರು ಕನ್ನಡಿಯಂತೆ ಅಲೆಯನ್ನು ಆಚೆ ಕಡೆಗೆ ಜಾರಿಸಿಬಿಡುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ನಡುರಾತ್ರಿ, ಮೋಡ ಕವಿದಿರುವಾಗಲೂ ನೆರೆ ಎಲ್ಲಿಯವರೆಗೆ ಹರಡಿದೆ ಅಂತ ಹೇಳಲು ಆಗುವುದು ಇದರಿಂದಲೇ.